ಊರಿನ ಬೆಳಕು, ಊರಿನ ಒಡೆತನ

ಧಾರವಾಡದಿಂದ ಗೋವೆಯ ಕಡೆಗೆ ಹೋಗುವ ರಸ್ತೆಯ ಮಗ್ಗುಲಲ್ಲಿರುವ ಕೆಲಗೇರಿಯ ಕೆರೆಯನ್ನು ಆ ಸೀಮೆಯ ಒಕ್ಕಲಿಗರಲ್ಲಿ ಅರಿಯದವರಿಲ್ಲ. ಒಂದು ಕಾಲದಲ್ಲಿ ಈ ಕೆರೆಯು ಧಾರವಾಡ ಪಟ್ಟಣಕ್ಕೆ ಕುಡಿಯುವ ನೀರನ್ನು ಒದಗಿಸುತ್ತಿದ್ದಿತು. ಕೆರೆಯೆಂಬುದು ಒಬ್ಬನ ಸ್ವತ್ತಲ್ಲ. ಏರಿ ಬಿರಿದರೆ ಕೇಡು ಊರಿಗೆಲ್ಲ. ನೀರು ನಿಂತರೆ ಲಾಭವೂ ಊರಿಗೆಲ್ಲ. ಮಳೆಯು ಎಲ್ಲರ ಹೊಲದ ಮೇಲೂ ಬೀಳುತ್ತದೆ. ಆದರೆ ಅದನ್ನು ಹಿಡಿದಿಡುವ ಏರಿ ಯಾರದೋ, ತೂಬಿನ ಕೀಲಿ ಯಾರ ಕೈಯಲ್ಲಿದೆಯೋ, ನೀರಿನ ಫಲ ಅವರದಾಗುತ್ತದೆ. ಈ ಮಾತು ನಮ್ಮ ನಾಡಿನ ಹಿರಿಯರಿಗೆ ಹೊಸದಲ್ಲ.

ಇಂದು ಇದೇ ಪ್ರಶ್ನೆಯು ಬಿಸಿಲಿನ ವಿಷಯದಲ್ಲಿ ಎದ್ದಿದೆ. ಬಿಸಿಲು ಎಲ್ಲರ ಹೊಲದ ಮೇಲೂ ಬೀಳುತ್ತದೆ. ಅದನ್ನು ವಿದ್ಯುಚ್ಛಕ್ತಿಯನ್ನಾಗಿ ಮಾಡುವ ಫಲಕಗಳು ಯಾರ ಒಡೆತನದಲ್ಲಿರಬೇಕೆಂಬುದನ್ನು ಊರ ಪ್ರಮುಖರೂ ಭೂಮಾಲಿಕರೂ ಈಗಲೇ ಕುಳಿತು ಆಲೋಚಿಸಬೇಕಾಗಿದೆ.

ಬದಲಾವಣೆಯು ಹಳ್ಳಿಗೆ ಬರುತ್ತಿರುವ ಬಗೆ

ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. ರಾಯಚೂರಿನ ಹತ್ತಿರ ಶಕ್ತಿನಗರದಲ್ಲಿ 1985ರಲ್ಲಿ ಆರಂಭವಾದ ಉಷ್ಣವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ದೂರದ ಪ್ರಾಂತಗಳಿಂದ ರೈಲಿನ ಮೇಲೆ ಬರಬೇಕು. ಸುಟ್ಟ ಮೇಲೆ ಹೊಗೆಯೂ ಬೂದಿಯೂ ಇಲ್ಲಿಯೇ ಉಳಿಯಬೇಕು. 2021ರಲ್ಲಿ ಗ್ಲಾಸ್ಗೋ ನಗರದ ಸಮ್ಮೇಳನದಲ್ಲಿ ಭಾರತ ದೇಶವು 2070ರ ಹೊತ್ತಿಗೆ ತನ್ನ ಹೊಗೆಯ ಲೆಕ್ಕವನ್ನು ನಿವ್ವಳ ಶೂನ್ಯಕ್ಕೆ ತರುವುದಾಗಿ ಸಾರಿದೆ. ಆದುದರಿಂದ ಕಲ್ಲಿದ್ದಲಿನಿಂದ ಬಿಸಿಲು ಗಾಳಿಗಳ ಕಡೆಗೆ ಹೊರಳುವ ಕಾರ್ಯವು ವರ್ಷವರ್ಷಕ್ಕೂ ಮುಂದುವರಿಯುವುದರಲ್ಲಿ ಸಂಶಯವಿಲ್ಲ. ಗದಗಿನ ಕಪ್ಪತಗುಡ್ಡದ ಸೀಮೆಯಲ್ಲಿ ತಿರುಗುವ ಗಾಳಿಯಂತ್ರಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಬಿಸಿಲಿಗೆ ಗಣಿ ಬೇಡ, ರೈಲು ಬೇಡ; ಆದರೆ ನೆಲ ಬೇಕು. ನೆಲವಿರುವುದು ಹಳ್ಳಿಗಳಲ್ಲಿ. ಹಿಂದಿನ ವಿದ್ಯುತ್ತಿನ ಕಾಲದಲ್ಲಿ ಹಳ್ಳಿಯವರು ಬರಿಯ ಗಿರಾಕಿಗಳಾಗಿದ್ದರು. ಮುಂದಿನ ಕಾಲದಲ್ಲಿ ಅವರಿಲ್ಲದೆ ಕೆಲಸವೇ ನಡೆಯದು. ಇಂತಹ ಅನುಕೂಲವು ಕೈಯಲ್ಲಿರುವಾಗ ಅದರ ಬೆಲೆಯನ್ನು ತಿಳಿಯದೆ ಕೊಟ್ಟುಬಿಡುವುದು ಜಾಣತನವಲ್ಲ.

ಹಿಂದಿನ ಅನುಭವ

ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ 1902ರಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿಯು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ. ಕೆಲಗೇರಿಗೆ ಹೆಚ್ಚು ಸಮೀಪವಾದ ಇನ್ನೊಂದು ನಿದರ್ಶನವುಂಟು. ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು ಕಟ್ಟಿದಾಗ ಹಳೆಯ ಸೂಪಾ ಊರು ನೀರಿನಲ್ಲಿ ಮುಳುಗಿತು. ಅಲ್ಲಿಯ ಜನರಲ್ಲಿ ಅನೇಕರು ರಾಮನಗರಕ್ಕೆ ಬಂದು ನೆಲೆಸಿದರು. ಆ ನದಿಯ ವಿದ್ಯುತ್ತು ನಾಡಿಗೆಲ್ಲ ಬೆಳಕನ್ನು ಕೊಟ್ಟಿತು. ಆದರೆ ಅದೇ ತಾಲ್ಲೂಕಿನ ಕಾಡಿನೊಳಗಣ ಎಷ್ಟೋ ಮಜರೆಗಳು ಬಹುಕಾಲ ಚಿಮಣಿಯ ಬೆಳಕಿನಲ್ಲಿಯೇ ಇರಬೇಕಾಯಿತು.

ಅಣೆಕಟ್ಟುಗಳಿಂದ ನಾಡಿಗೆ ಉಪಕಾರವಾಗಲಿಲ್ಲವೆಂದು ಇದರ ಅರ್ಥವಲ್ಲ. ನೆಲವನ್ನು ಬಿಟ್ಟುಕೊಟ್ಟವರಿಗೆ ಒಂದು ಸಲ ಪರಿಹಾರ ಸಿಕ್ಕಿತೇ ಹೊರತು, ಅವರ ನೆಲದಿಂದ ವರ್ಷವರ್ಷವೂ ಹುಟ್ಟಿದ ಸಂಪತ್ತಿನಲ್ಲಿ ಪಾಲು ಸಿಕ್ಕಲಿಲ್ಲ. ಕೊರತೆಯಿದ್ದದ್ದು ಇಲ್ಲಿ.

ಲಾವಣಿಯ ಲಾಭವೂ ಅದರ ಮಿತಿಯೂ

ತುಮಕೂರು ಜಿಲ್ಲೆಯ ಪಾವಗಡದ ಸೌರ ಉದ್ಯಾನದಲ್ಲಿ ಒಂದು ಹೊಸ ಕ್ರಮವನ್ನು ಅನುಸರಿಸಲಾಯಿತು. ತಿರುಮಣಿ, ವಳ್ಳೂರು ಮುಂತಾದ ಐದು ಗ್ರಾಮಗಳ ಸುಮಾರು 13,000 ಎಕರೆ ನೆಲದ ಮೇಲೆ 2,050 ಮೆಗಾವ್ಯಾಟ್ ಸಾಮರ್ಥ್ಯದ ಫಲಕಗಳು ಹರಡಿವೆ. ರೈತರ ನೆಲವನ್ನು ಕ್ರಯಕ್ಕೆ ಕೊಳ್ಳದೆ ಲಾವಣಿಗೆ ಪಡೆಯಲಾಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ ಎಂದು ಕರಾರಾಯಿತು. ಮೇಲಿಂದ ಮೇಲೆ ಬರಗಾಲಕ್ಕೆ ತುತ್ತಾಗುವ ಆ ಸೀಮೆಯ ಭೂಮಾಲಿಕನಿಗೆ ಮಳೆಯನ್ನು ನಂಬದೆ ಬರುವ ಈ ಹಣವು ಅಲ್ಪವಲ್ಲ. ಪಟ್ಟೆ ಅವನ ಹೆಸರಿನಲ್ಲಿಯೇ ಉಳಿದಿರುವುದೂ ಮೆಚ್ಚತಕ್ಕ ಸಂಗತಿಯೇ.

ಆದರೆ ಎರಡು ವಿಷಯಗಳನ್ನು ಮರೆಯಲಾಗದು. ಮೊದಲನೆಯದು, ಲಾವಣಿ ಬಂದದ್ದು ನೆಲವಿದ್ದವರಿಗೆ ಮಾತ್ರ. ಆ ಹೊಲಗಳಲ್ಲಿ ಕಳೆ ಕಿತ್ತು, ಶೇಂಗಾ ಬಿಡಿಸಿ ಹೊಟ್ಟೆ ಹೊರೆಯುತ್ತಿದ್ದ ಕೂಲಿಕಾರರಿಗೆ ಹೊಲದ ಕೆಲಸ ತಪ್ಪಿತು; ಕುರಿ ಮೇಯಿಸುವವರಿಗೆ ಹುಲ್ಲು ತಪ್ಪಿತು. ಫಲಕ ತೊಳೆಯುವ ಮತ್ತು ಕಾವಲಿನ ಕೆಲಸಗಳು ಕೆಲವರಿಗೆ ದೊರೆತರೂ ತಪ್ಪಿದ ದುಡಿಮೆಗೆಲ್ಲ ಅವು ಸಾಟಿಯಾಗಲಿಲ್ಲ.

ಎರಡನೆಯದು ಲೆಕ್ಕದ ವಿಷಯ. ಒಂದು ಮೆಗಾವ್ಯಾಟ್ ಸ್ಥಾವರಕ್ಕೆ ನಾಲ್ಕೈದು ಎಕರೆ ನೆಲ ಸಾಕು. ನಮ್ಮ ಬಿಸಿಲಿನಲ್ಲಿ ಅದರಿಂದ ವರ್ಷಕ್ಕೆ ಸುಮಾರು 15 ಲಕ್ಷ ಯೂನಿಟ್ ವಿದ್ಯುತ್ತು ಹುಟ್ಟುತ್ತದೆ. ಉದಾಹರಣೆಗಾಗಿ ಯೂನಿಟ್ಟಿಗೆ 3 ರೂಪಾಯಿ ಎಂದು ಹಿಡಿದರೆ ವರ್ಷದ ಮಾರಾಟವು 45 ಲಕ್ಷ ರೂಪಾಯಿ. ಪಾವಗಡದ ಮೊದಲ ದರದಂತೆ ಐದು ಎಕರೆಯ ಲಾವಣಿಯು 1,05,000 ರೂಪಾಯಿ. ಈ ಎರಡು ಅಂಕಿಗಳ ನಡುವಣ ಹಣವೆಲ್ಲ ಲಾಭವೆಂದು ತಿಳಿಯಬಾರದು. ಸ್ಥಾವರಕ್ಕೆ ಕೋಟಿಗಟ್ಟಲೆ ಬಂಡವಾಳ ಬೇಕು. ಬ್ಯಾಂಕಿನ ಬಡ್ಡಿ, ವಿಮೆ, ದುರಸ್ತಿ, ಸಂಬಳ ಇವೆಲ್ಲವೂ ಅದರಿಂದಲೇ ಸಲ್ಲಬೇಕು. ಲಾವಣಿ ಪಡೆಯುವವನಿಗೆ ಇವಾವುವೂ ಇಲ್ಲ. ಆದರೂ ಸಾಲ ತೀರಿದ ಮೇಲೆ ಫಲಕಗಳು ಇನ್ನೂ ಹಲವು ವರ್ಷ ದುಡಿಯುತ್ತವೆ. ಆ ವರ್ಷಗಳ ಫಸಲು ಯಾರ ಕಣಕ್ಕೆ ಬರಬೇಕೆಂಬುದನ್ನು ನೆಲ ಕೊಡುವ ಮೊದಲೇ ಕೇಳತಕ್ಕದ್ದು.

ಸಹಕಾರದ ಮಾರ್ಗ

ಕೋಟಿಗಟ್ಟಲೆ ಬಂಡವಾಳವನ್ನು ಒಬ್ಬ ಒಕ್ಕಲಿಗನು ಹೂಡಲಾರನೆಂಬುದು ನಿಜ. ಹಳ್ಳಿಯವರೆಲ್ಲ ಸಾಲದಲ್ಲಿ ಮುಳುಗಿದ್ದ ಕಾಲದಲ್ಲಿಯೂ ಇದೇ ಮಾತು ಕೇಳಿಬರುತ್ತಿತ್ತು. ಆಗ, 1905ರಲ್ಲಿ, ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಸಹಕಾರೀ ಪತ್ತಿನ ಸಂಘವನ್ನು ಸ್ಥಾಪಿಸಿದರು. ಭಾರತದಲ್ಲಿ ಆ ಬಗೆಯ ಸಂಘಗಳಲ್ಲಿ ಅದೇ ಮೊದಲನೆಯದು. ಹನಿಗೂಡಿದರೆ ಹಳ್ಳವೆಂಬ ಗಾದೆಯನ್ನು ಕಾರ್ಯದಲ್ಲಿ ತೋರಿದವರು ಈ ಸೀಮೆಯವರೇ.

ವಿದ್ಯುತ್ತಿನಲ್ಲಿಯೂ ಇಂತಹ ನಿದರ್ಶನವು ದೂರವಿಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರೀ ಸಂಘವು ಸ್ಥಾಪನೆಯಾಯಿತು. ದೇಶದಲ್ಲಿ ಪ್ರಯೋಗಕ್ಕಾಗಿ ಆರಿಸಿದ ಮೊದಲ ಐದು ಸಂಘಗಳಲ್ಲಿ ಅದೂ ಒಂದು. ಸಗಟಾಗಿ ವಿದ್ಯುತ್ತನ್ನು ಕೊಂಡು, ತನ್ನ ತಂತಿಗಳ ಮೂಲಕ ತಾಲ್ಲೂಕಿನ ಮನೆಗಳಿಗೂ ಪಂಪುಗಳಿಗೂ ಹಂಚುವುದು ಅದರ ಕಾರ್ಯ. ಅದೇ ಕಾಲದಲ್ಲಿ ಮಹಾರಾಷ್ಟ್ರದಲ್ಲಿ ಹುಟ್ಟಿದ ಮುಳಾ ಪ್ರವರಾ ಸಂಘವು ಕೊಂಡ ವಿದ್ಯುತ್ತಿನ ಬಾಕಿಯ ವ್ಯಾಜ್ಯದಲ್ಲಿ ಸಿಲುಕಿ, 2011ರಲ್ಲಿ ವಿತರಣೆಯ ಅಧಿಕಾರವನ್ನು ಕಳೆದುಕೊಂಡಿತು. ಒಡೆತನವು ಊರಿನದಾದ ಮಾತ್ರಕ್ಕೆ ಲೆಕ್ಕವು ತಾನೇ ಸರಿಹೋಗುವುದಿಲ್ಲ. ವಸೂಲಿಯಲ್ಲಿ ದಾಕ್ಷಿಣ್ಯ ಮಾಡುವ ಸಂಘವು ಬಹುಕಾಲ ಬಾಳದು.

ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಗ್ರಾಮದ ವೃತ್ತಾಂತವು ಇನ್ನೂ ಬೋಧಪ್ರದವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿಯವರೂ ಅವರ ಸಂಗಡಿಗರೂ ಅಲ್ಲಿ ಊರಿಗೆಲ್ಲ ಒಂದೇ ಸಗಣಿ ಅನಿಲದ ಸ್ಥಾವರವನ್ನು ಕಟ್ಟಿಸಿದರು. ಅನಿಲವನ್ನು ಅಡಿಗೆಗೆ ಕೊಡಬೇಕೆಂಬುದು ಮೊದಲ ಉದ್ದೇಶ. ಅದಕ್ಕೆ ಸಗಣಿ ಸಾಲದೆ ಹೋಯಿತು. ಆಗ ಊರವರು ಹೆಚ್ಚು ಬಯಸುತ್ತಿದ್ದುದೇನೆಂದು ವಿಚಾರಿಸಿ, 1987ರಿಂದ ಅದೇ ಅನಿಲದಿಂದ ಎಂಜಿನು ನಡೆಸಿ ಮನೆಗಳಿಗೆ ಕುಡಿಯುವ ನೀರನ್ನೂ ದೀಪವನ್ನೂ ಒದಗಿಸಲಾಯಿತು. ಮನೆಯವರು ತಂದ ಸಗಣಿಯನ್ನು ತೂಗಿ ಲೆಕ್ಕವಿಡುತ್ತಿದ್ದರು. ಅದಕ್ಕೆ ತಕ್ಕಂತೆ ಬಗ್ಗಡವು ಗೊಬ್ಬರವಾಗಿ ಅವರವರ ಹೊಲಕ್ಕೆ ಮರಳುತ್ತಿತ್ತು. ಯಾರ ಪಾಲು ಎಷ್ಟೆಂಬುದು ಎಲ್ಲರ ಕಣ್ಣೆದುರಿಗೆ ಇದ್ದುದರಿಂದ ಊರಿನಲ್ಲಿ ನಂಬಿಕೆ ನಿಂತಿತು. ಮೊದಲು ಅಳೆಯಬೇಕು, ಆಮೇಲೆ ಮಾತು ಕೊಡಬೇಕು ಎಂಬ ಪಾಠವನ್ನೂ ಪುರ ಗ್ರಾಮವು ಕಲಿಸುತ್ತದೆ.

ಬಿಸಿಲಿನ ವಿದ್ಯುತ್ತಿನಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಗ್ರಾಮವು ದಾರಿ ತೋರಿದೆ. ಅಲ್ಲಿ ಆರು ಮಂದಿ ರೈತರು ತಮ್ಮ ಸೌರಪಂಪುಗಳನ್ನು ಒಂದು ಸಂಘದಡಿಯಲ್ಲಿ ಕೂಡಿಸಿ, ನೀರಿಗೆ ಬೇಕಾದಷ್ಟು ಬಳಸಿ, ಮಿಕ್ಕ ವಿದ್ಯುತ್ತನ್ನು 2016ರಿಂದ ವಿತರಣಾ ಕಂಪನಿಗೆ ಮಾರತೊಡಗಿದರು. ಕರಾರು 25 ವರ್ಷದ್ದು. ದರ ಯೂನಿಟ್ಟಿಗೆ 4 ರೂಪಾಯಿ 63 ಪೈಸೆ. ಮಿಕ್ಕ ಬಿಸಿಲಿಗೆ ಬೆಲೆ ಬಂದೊಡನೆ ಬಾವಿಯ ನೀರನ್ನು ಸುಮ್ಮನೆ ಎತ್ತುವ ಆಸೆ ಕಡಿಮೆಯಾಗುವುದೆಂಬುದು ಈ ಏರ್ಪಾಡಿನ ಹಿಂದಿನ ವಿಚಾರ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ 2008ರಿಂದ ಸರಕಾರವೇ ವಿದ್ಯುತ್ತಿನ ವೆಚ್ಚವನ್ನು ಹೊರುತ್ತಿದೆ. ವಿದ್ಯುತ್ತು ಧರ್ಮಾರ್ಥವಾದಲ್ಲಿ ಕೊಳವೆಬಾವಿಗಳು ಆಳಕ್ಕಿಳಿಯುವುದನ್ನು ರೈತರೇ ಕಾಣುತ್ತಿದ್ದಾರೆ.

ಕೇಂದ್ರ ಸರಕಾರವು 2019ರಲ್ಲಿ ಆರಂಭಿಸಿದ ಕುಸುಮ್ ಯೋಜನೆಯಲ್ಲಿ, ಪಾಳು ಬಿದ್ದ ನೆಲದ ಮೇಲೆ 500 ಕಿಲೋವ್ಯಾಟಿನಿಂದ 2 ಮೆಗಾವ್ಯಾಟಿನವರೆಗೆ ಸ್ಥಾವರ ಕಟ್ಟಿ ವಿದ್ಯುತ್ತು ಮಾರಲು ಒಬ್ಬೊಬ್ಬ ರೈತನಿಗಲ್ಲದೆ ಸಹಕಾರೀ ಸಂಘಗಳಿಗೂ ಪಂಚಾಯತಿಗಳಿಗೂ ಅವಕಾಶವನ್ನಿಡಲಾಯಿತು. ಊರು ತಾನೇ ಉತ್ಪಾದಕನಾಗಬಹುದೆಂಬ ತತ್ತ್ವವು ಸರಕಾರದ ಮಟ್ಟದಲ್ಲಿಯೂ ಅಂಗೀಕೃತವಾಗಿದೆ ಎಂಬುದಕ್ಕೆ ಇದು ಸಾಕ್ಷಿ.

ಭೂಮಿಯಿಲ್ಲದವರ ಪಾಲು

ಇಲ್ಲಿ ಭೂಮಾಲಿಕರಿಗೆ ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕಾಗುತ್ತದೆ. ಸಂಘದ ಶೇರುಗಳೆಲ್ಲ ಹತ್ತು ಮನೆತನಗಳ ಕೈಯಲ್ಲಿ ಉಳಿದರೆ ಅದು ಊರಿನ ಒಡೆತನವೆನಿಸದು; ಪಟ್ಟಣದ ಸಾಹುಕಾರನ ಬದಲು ಊರಿನ ಸಾಹುಕಾರನು ಬಂದಂತಾಯಿತು, ಅಷ್ಟೆ. ಹೊಲವು ಫಲಕಗಳಡಿಗೆ ಹೋದಾಗ ಮೊದಲು ಕೂಲಿ ತಪ್ಪುವುದು ಭೂಮಿಯಿಲ್ಲದವನಿಗೆ. ಗಾಯರಾಣಕ್ಕೆ ಬೇಲಿ ಬಿದ್ದಾಗ ಮೊದಲು ಹಸಿಯುವುದು ಅವನ ಆಡು. ಆದುದರಿಂದ ಅವನಿಗೂ ಶೇರು ಇರತಕ್ಕದ್ದು. ಹಣ ಕೊಡಲಾರದವನು ಕಟ್ಟಡದ ಕಾಲದಲ್ಲಿ ದುಡಿದು ಶೇರಿನ ಮೊಬಲಗನ್ನು ತೀರಿಸುವಂತೆ ನಿಯಮವಿರಲಿ. ಕಾವಲು, ತೊಳೆಯುವಿಕೆ, ದುರಸ್ತಿಯ ಕೆಲಸಗಳು ಮೊದಲು ಕೂಲಿ ತಪ್ಪಿದ ಮನೆಗಳಿಗೆ ಸಲ್ಲಲಿ. ಊರು ಒಡೆದ ಮೇಲೆ ಫಲಕಗಳನ್ನು ಯಾವ ಬೇಲಿಯೂ ಕಾಯಲಾರದು.

ಊರ ಪ್ರಮುಖರ ಕರ್ತವ್ಯ

ಕೆಲಗೇರಿಯಂತಹ ಊರು ಹುಬ್ಬಳ್ಳಿ-ಧಾರವಾಡ ಮಹಾನಗರಕ್ಕೆ ಸೇರಿಹೋಗಿದೆ. ಅಲ್ಲಿ ನೆಲಕ್ಕೆ ಬೆಲೆ ಹೆಚ್ಚು, ಬಯಲು ಕಡಿಮೆ. ಅಲ್ಲಿ ಮನೆಗಳ ಮೇಲ್ಛಾವಣಿ, ಶಾಲೆ, ಗುಡಿ ಮಠಗಳ ಕಟ್ಟಡ, ಸೊಸಾಯಿಟಿಯ ಗೋದಾಮು ಇವುಗಳಿಂದ ಆರಂಭಿಸುವುದು ಯುಕ್ತ. ಹೊರವಲಯದ ಹಳ್ಳಿಗಳಲ್ಲಿ ಪಾಳು ಭೂಮಿಯನ್ನು ನೋಡಬಹುದು. ಎರೆಹೊಲವನ್ನು ಮಾತ್ರ ಫಲಕಗಳಿಗೆ ಬಿಟ್ಟುಕೊಡಬಾರದು. ಜೋಳ, ಕಡಲೆ, ಗೋದಿ ಬೆಳೆಯುವ ನೆಲವು ಮತ್ತೆ ಹುಟ್ಟುವುದಿಲ್ಲ.

ಕಾರ್ಯಕ್ರಮವು ಸರಳವಾಗಿರಲಿ. ಮೊದಲು ಊರಿನಲ್ಲಿ ಎಷ್ಟು ವಿದ್ಯುತ್ತು ಬೇಕು, ಎಷ್ಟು ಛಾವಣಿ ಮತ್ತು ಪಾಳು ನೆಲವುಂಟು ಎಂಬುದನ್ನು ಬರೆದಿಡಬೇಕು. ಅನಂತರ ಹುಬ್ಬಳ್ಳಿಯ ವಿದ್ಯುತ್ ಸರಬರಾಜು ಕಂಪನಿಯ ಅಧಿಕಾರಿಗಳಿಂದ ಕೊಳ್ಳುವ ದರವನ್ನೂ ಕರಾರಿನ ಅವಧಿಯನ್ನೂ ಲಿಖಿತವಾಗಿ ತಿಳಿಯಬೇಕು. ಮೂರನೆಯದಾಗಿ ಸಂಘವನ್ನು ನೋಂದಾಯಿಸಿ, ಹಣ ಹೆಚ್ಚಿದ್ದರೂ ಒಬ್ಬನಿಗೆ ಒಂದೇ ಮತವೆಂಬ ಸಹಕಾರದ ನಿಯಮವನ್ನು ಬಿಡದೆ ನಡೆಸಬೇಕು. ನಾಲ್ಕನೆಯದಾಗಿ ಪ್ರತಿ ತಿಂಗಳ ಉತ್ಪನ್ನವನ್ನೂ ಜಮಾಖರ್ಚನ್ನೂ ಚಾವಡಿಯ ಗೋಡೆಯ ಮೇಲೆ ಎಲ್ಲರೂ ಓದುವಂತೆ ಬರೆಯಿಸಬೇಕು. ಕಂಪನಿಯವರು ನೆಲ ಕೇಳಲು ಬಂದರೆ, ಲಾವಣಿಯ ಜೊತೆಗೆ ಸ್ಥಾವರದಲ್ಲಿ ಊರ ಸಂಘಕ್ಕೂ ಪಾಲು ಬೇಕೆಂದು ಒಕ್ಕೊರಲಿನಿಂದ ಕೇಳಬೇಕು. ಒಬ್ಬೊಬ್ಬನೇ ಕರಾರಿಗೆ ರುಜು ಹಾಕಿದರೆ ಬೆಲೆ ಇಳಿಯುತ್ತದೆ. ಊರು ಕೂಡಿ ಕುಳಿತರೆ ಏರುತ್ತದೆ.

ಏರಿ ಕಟ್ಟುವ ಕಾಲದಲ್ಲಿ ದೂರವಿದ್ದು, ನೀರು ಹರಿಯುವಾಗ ತೂಬಿನ ಬಳಿ ಬಂದವನಿಗೆ ಪಾಲು ಕೇಳುವ ಬಾಯಿರುವುದಿಲ್ಲ. ಬಿಸಿಲಿನ ಏರಿಯು ಈಗ ಕಟ್ಟಲ್ಪಡುತ್ತಿದೆ. ಊರ ಹಿರಿಯರು ಬರುವ ಸುಗ್ಗಿಯೊಳಗಾಗಿ ಒಂದು ಸಲವಾದರೂ ಭೂಮಿಯುಳ್ಳವರನ್ನೂ ಇಲ್ಲದವರನ್ನೂ ಒಂದೇ ಚಾವಡಿಯಲ್ಲಿ ಕೂಡಿಸಿ ಈ ವಿಷಯವನ್ನು ಚರ್ಚಿಸುವುದು ಶ್ರೇಯಸ್ಕರವಾಗಿದೆ.