ಕೊಲ್ಲದ ಕಾಯಿಲೆಗೆ ಕಾಸಿಲ್ಲ: ಭದ್ರಾವತಿಯ ಕಿವಿಗಳ ಲೆಕ್ಕ ಇಡುವವರು ಯಾರು?

ಶಿವಮೊಗ್ಗದ ರಾಗಿಗುಡ್ಡದ ಕಡೆ ಸಂಜೆ ಹೊತ್ತು ಒಂದು ಸುತ್ತು ಹಾಕಿ ಬನ್ನಿ. ಯಾವುದೋ ಮನೆಯ ಟಿವಿ ಸದ್ದು ಬೀದಿ ತುದಿಯವರೆಗೂ ಕೇಳಿಸುತ್ತೆ. ಯಾಕಪ್ಪಾ ಇಷ್ಟು ಜೋರು ಅಂದ್ರೆ, 'ಅಜ್ಜಂಗೆ ಕಿವಿ ಮಂದ' ಅಂತಾರೆ. ಇನ್ನೊಂದು ಮನೆಯಲ್ಲಿ ಅಜ್ಜಿಗೆ ಹಾಸಿಗೆಯಿಂದ ಏಳುವಾಗ ಮನೆಯೇ ಗಿರ್ರನೆ ತಿರುಗಿದ ಹಾಗಾಗುತ್ತೆ. 'ಪಿತ್ತ ನೆತ್ತಿಗೇರಿದೆ' ಅಂತ ಜೀರಿಗೆ ಕಷಾಯ ಕೊಟ್ಟು ಮಲಗಿಸ್ತಾರೆ. ಅಲ್ಲಿಂದ ಹಿಡಿದು ಭದ್ರಾವತಿಯ ಕಾರ್ಖಾನೆ ಕಾಲೊನಿಗಳವರೆಗೆ ಇದೇ ಕಥೆ. ಕಿವಿ ಕೇಳಿಸದಿರುವುದು, ತಲೆ ಸುತ್ತುವುದು ಎರಡನ್ನೂ ವಯಸ್ಸಿನ ಖಾತೆಗೆ ಬರೆದು ನಾವು ಸುಮ್ಮನಾಗ್ತೀವಿ.

ಎರಡಕ್ಕೂ ಮೂಲ ಹೆಚ್ಚಾಗಿ ಒಂದೇ ಜಾಗದಲ್ಲಿರುತ್ತೆ. ಅದು ತಲೆಬುರುಡೆಯ ಗಟ್ಟಿ ಮೂಳೆಯೊಳಗೆ ಕೂತಿರುವ ಒಳಕಿವಿ. ಅದರ ಒಂದು ಭಾಗ ಸದ್ದನ್ನು ಹಿಡಿಯುತ್ತೆ, ಇನ್ನೊಂದು ಭಾಗ ದೇಹದ ಸಮತೋಲ ಕಾಯುತ್ತೆ. ಸದ್ದು ಹಿಡಿಯುವ ಕೂದಲುಕೋಶಗಳು ಪ್ರತಿ ಕಿವಿಯಲ್ಲಿ ಹತ್ತಿರತ್ತಿರ 15 ಸಾವಿರ ಇರುತ್ತವೆ. ಮನುಷ್ಯರಲ್ಲಿ ಒಮ್ಮೆ ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ಬದುಕಿರುವ ಮನುಷ್ಯನ ಒಳಕಿವಿಯಿಂದ ಚೂರು ತೆಗೆದು ಪರೀಕ್ಷೆ ಮಾಡೋಕೂ ಆಗಲ್ಲ. ಹಾಗಾಗಿ ಈ ಸಂಶೋಧನೆ ಕಷ್ಟದ್ದು, ದುಬಾರಿ, ತುಂಬಾ ಸಮಯ ಬೇಡುವಂಥದ್ದು. ಈ ಸಂಶೋಧನೆಗೆ ದುಡ್ಡು ಎಲ್ಲಿಂದ ಬರಬೇಕು?

ಮಂಗನ ಕಾಯಿಲೆಗೆ ಬಂದ ದುಡ್ಡು

ಶಿವಮೊಗ್ಗಕ್ಕೆ ಸಂಶೋಧನೆಯ ದುಡ್ಡು ಬಂದೇ ಇಲ್ಲ ಅಂತೇನಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನರೂ ಜ್ವರದಲ್ಲಿ ಸತ್ತರು. ಐಸಿಎಂಆರ್ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಷನ್ ಸೇರಿ ಪುಣೆಯಲ್ಲಿ ನಡೆಸುತ್ತಿದ್ದ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಮಲೆನಾಡಿಗೆ ಬಂದು ವೈರಸ್ಸನ್ನು ಗುರುತಿಸಿದರು. ನಮ್ಮೂರಿನ ಒಂದು ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕ ಸೇರಿತು.

ಸಾವು ಕಣ್ಣಿಗೆ ಕಂಡರೆ ಸರ್ಕಾರಕ್ಕೆ ಭಯವಾಗುತ್ತೆ, ಭಯವಾದರೆ ದುಡ್ಡು ಬರುತ್ತೆ. ಕಿವುಡು ಯಾರನ್ನೂ ಕೊಲ್ಲಲ್ಲ. ತಲೆ ಸುತ್ತಿ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅಜ್ಜಿ ಆರು ತಿಂಗಳಾದ ಮೇಲೆ ತೀರಿಕೊಂಡರೆ, ಅದು ಒಳಕಿವಿಯ ಲೆಕ್ಕಕ್ಕೆ ಬರುವುದಿಲ್ಲ. ದುಡ್ಡಿನ ಸಾಲಿನಲ್ಲಿ ಕಿವಿ ಯಾವತ್ತೂ ಹಿಂದೆ ಉಳಿಯೋದು ಇದಕ್ಕೇ.

ಎಣಿಕೆಯಲ್ಲೂ ಅದೇ ಕಥೆ. 2011ರ ಜನಗಣತಿ ಪ್ರಕಾರ ದೇಶದಲ್ಲಿ ಶ್ರವಣದೋಷ ಇರುವವರು ಸುಮಾರು 50 ಲಕ್ಷ. ಕೇಂದ್ರ ಸರ್ಕಾರದ ಕಿವುಡುತನ ತಡೆ ಕಾರ್ಯಕ್ರಮವೇ ಉಲ್ಲೇಖಿಸುವ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಆ ಸಂಖ್ಯೆ 6.3 ಕೋಟಿ. ಅಳೆಯುವ ವಿಧಾನ ಬೇರೆ ಬೇರೆ, ಒಪ್ಪೋಣ. ಆದರೂ ಹನ್ನೆರಡು ಪಟ್ಟು ವ್ಯತ್ಯಾಸ ಅಂದ್ರೆ ಏನರ್ಥ? ಬಹುಪಾಲು ಜನರ ಕಿವಿಯನ್ನು ಯಾರೂ ಪರೀಕ್ಷೆ ಮಾಡಿಲ್ಲ ಅಂತ. ಲೆಕ್ಕ ಇಲ್ಲದ ಕಡೆ ಬೇಡಿಕೆ ಹುಟ್ಟಲ್ಲ. ಬೇಡಿಕೆ ಇಲ್ಲದ ಕಡೆಗೆ ದುಡ್ಡು ಬರಲ್ಲ, ದುಡ್ಡಿಲ್ಲ ಅಂತ ಲೆಕ್ಕವೂ ಆಗಲ್ಲ.

ಭದ್ರಾವತಿಯ ನೂರು ವರ್ಷದ ಸದ್ದು

ಈ ಸುಳಿಯಿಂದ ಹೊರಬರೋಕೆ ಭದ್ರಾವತಿಗಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಸಿಗೋದು ಕಷ್ಟ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1923ರಲ್ಲಿ. ಮೈಸೂರು ಕಾಗದ ಕಾರ್ಖಾನೆ ಹುಟ್ಟಿದ್ದು ಮೂವತ್ತರ ದಶಕದಲ್ಲಿ. ಎರಡು ಮೂರು ತಲೆಮಾರು ಈ ಯಂತ್ರಗಳ ಪಕ್ಕದಲ್ಲಿ ನಿಂತು ದುಡಿದಿದೆ. ಎಂಪಿಎಂ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು, ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು, ಆಮೇಲೆ ಒಂದಷ್ಟು ಕೆಲಸ ಮತ್ತೆ ಶುರುವಾಯಿತು. ಆ ಹೋರಾಟದಲ್ಲಿ ಕೂಲಿ, ಕೆಲಸ, ಕ್ವಾರ್ಟರ್ಸ್ ಎಲ್ಲದರ ಬಗ್ಗೆ ಮಾತಾಯಿತು. ಕಿವಿಯ ಬಗ್ಗೆ ಕೇಳೋರು ಯಾರಿದ್ದರು?

ಭಾರತದ ಕಾರ್ಖಾನೆ ನಿಯಮಗಳಲ್ಲಿ ಎಂಟು ಗಂಟೆ ಕೆಲಸಕ್ಕೆ ಸದ್ದಿನ ಮಿತಿ 90 ಡೆಸಿಬಲ್. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದು 85. ಸದ್ದಿನಿಂದ ಬರುವ ಕಿವುಡು ನಮ್ಮ ಕಾನೂನಿನಲ್ಲೇ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿದೆ. ಅಂದರೆ ಕಾರ್ಮಿಕನಿಗೆ ಹಕ್ಕಿದೆ. ಆದರೆ ಹಕ್ಕು ಕೇಳೋಕೆ ದಾಖಲೆ ಬೇಕು. ಕೆಲಸಕ್ಕೆ ಸೇರಿದಾಗ ಕಿವಿ ಹೇಗಿತ್ತು, ನಿವೃತ್ತಿ ಹೊತ್ತಿಗೆ ಹೇಗಾಯಿತು ಅನ್ನುವ ಎರಡು ಪರೀಕ್ಷೆಯ ಹಾಳೆ ಇಲ್ಲದಿದ್ದರೆ 'ವಯಸ್ಸಾಯ್ತಲ್ಲ ಯಜಮಾನ್ರೇ' ಅಂತ ಕಳಿಸ್ತಾರೆ, ಅಷ್ಟೇ.

ಆ ತಲೆಮಾರು ಈಗ ಎಪ್ಪತ್ತು ದಾಟಿದೆ. ಅವರು ಯಾವ ವಿಭಾಗದಲ್ಲಿ ಎಷ್ಟು ವರ್ಷ ದುಡಿದರು ಎಂಬುದು ಇನ್ನೂ ಅವರ ಬಾಯಲ್ಲೇ ಇದೆ. ಇನ್ನು ಹತ್ತು ವರ್ಷ ಬಿಟ್ಟು ಕೇಳೋಕೆ ಹೋದರೆ ಹೇಳೋಕೆ ಎಷ್ಟು ಜನ ಇರ್ತಾರೆ? ಇತ್ತ ಶಿವಮೊಗ್ಗದ ಫೌಂಡ್ರಿಗಳಲ್ಲಿ, ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಅವರ ಮಕ್ಕಳು, ಮೊಮ್ಮಕ್ಕಳ ವಯಸ್ಸಿನವರು ದುಡಿಯುತ್ತಿದ್ದಾರೆ. ಹಿರಿಯರ ಕಿವಿಯಿಂದ ಕಲಿತ ಪಾಠ ಈ ಹುಡುಗರ ಕಿವಿ ಉಳಿಸಬಹುದು.

ಅಮೆರಿಕಕ್ಕೆ ಸಿಕ್ಕಿದ್ದು ಕೇಳಿದ್ದರಿಂದ

ಅಮೆರಿಕದಲ್ಲಿ ಶ್ರವಣ, ಸಮತೋಲ, ಮಾತು ಇವುಗಳ ಸಂಶೋಧನೆಗೇ ಮೀಸಲಾದ ಸರ್ಕಾರಿ ಸಂಸ್ಥೆ 1988ರಲ್ಲಿ ಹುಟ್ಟಿತು. ಅದಕ್ಕಾಗಿ ದುಡಿದವರಲ್ಲಿ ಸೆನೆಟರ್ ಟಾಮ್ ಹಾರ್ಕಿನ್ ಒಬ್ಬರು. ಅವರ ಅಣ್ಣ ಫ್ರಾಂಕ್‌ಗೆ ಕಿವಿ ಕೇಳಿಸುತ್ತಿರಲಿಲ್ಲ. ಇವತ್ತು ಆ ಸಂಸ್ಥೆಯ ವಾರ್ಷಿಕ ಬಜೆಟ್ 50 ಕೋಟಿ ಡಾಲರ್ ದಾಟುತ್ತದೆ. ದುಡ್ಡು ತಾನಾಗೇ ಬರಲಿಲ್ಲ, ಮನೆಯಲ್ಲಿ ಕಷ್ಟ ಕಂಡವರು ಸಂಸತ್ತಿನಲ್ಲಿ ಕೂತು ಕೇಳಿದ್ದಕ್ಕೆ ಬಂತು.

ನಮ್ಮಲ್ಲಿ? ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ನಾಡಿಗೆ ಅದು ಹೆಮ್ಮೆ. ಅದರದೇ ಒಂದು ಸಂಶೋಧನಾ ನಿಧಿಯೂ ಇದೆ. ಆದರೆ ಪಾಠ, ಚಿಕಿತ್ಸೆ, ತರಬೇತಿ ಎಲ್ಲವನ್ನೂ ಹೊತ್ತ ಒಂದೇ ಸಂಸ್ಥೆ ಇಡೀ ದೇಶದ ಪ್ರಶ್ನೆಗೆ ಉತ್ತರ ಹುಡುಕಲಾರದು. ಜಿಲ್ಲಾ ಮೆಡಿಕಲ್ ಕಾಲೇಜಿನ ಇಎನ್‌ಟಿ ವೈದ್ಯರೊಬ್ಬರು ಐಸಿಎಂಆರ್‌ಗೆ ಅರ್ಜಿ ಹಾಕಿದರೆ ಕ್ಯಾನ್ಸರ್, ಕ್ಷಯದ ಜೊತೆ ಪೈಪೋಟಿ ಮಾಡಬೇಕು. ದೇಶದ ಒಟ್ಟು ಸಂಶೋಧನಾ ವೆಚ್ಚವೇ ಜಿಡಿಪಿಯ ಶೇ. 0.64. ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾನೂನು 2023ರಲ್ಲಿ ಬಂದಾಗ ಐದು ವರ್ಷಕ್ಕೆ 50 ಸಾವಿರ ಕೋಟಿ ಅಂದರು. ಅದರಲ್ಲಿ 36 ಸಾವಿರ ಕೋಟಿ ಉದ್ಯಮಿಗಳು, ದಾನಿಗಳಂಥ ಸರ್ಕಾರೇತರ ಮೂಲಗಳಿಂದ ಬರಬೇಕು! ಲಾಭ ಕಾಣದ ಕಿವಿಗೆ ಉದ್ಯಮಿ ಯಾಕೆ ಕೊಡ್ತಾನೆ?

'ಮೊದಲು ಮಷಿನ್ ಕೊಡ್ರೀ, ಸಂಶೋಧನೆ ಆಮೇಲೆ' ಅನ್ನೋರಿದ್ದಾರೆ. ಅವರ ಮಾತಲ್ಲಿ ನ್ಯಾಯವಿದೆ. ಪುಟ್ಟ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್‌ಗೆ ಕೇಂದ್ರದ ಎಡಿಪ್ ಯೋಜನೆ ಇದೆ, ರಾಜ್ಯದ ಶ್ರವಣ ಸಂಜೀವಿನಿ ಇದೆ. ಇವು ಬೇಕೇ ಬೇಕು. ಆದರೆ ಶಿಬಿರದಲ್ಲಿ ಹಂಚಿದ ಮಷಿನ್ ಕಪಾಟು ಸೇರಿದ್ದನ್ನು ನಾವೆಲ್ಲ ನೋಡಿಲ್ವಾ? ಯಾಕೆ ಸೇರಿತು ಅಂತ ಕೇಳುವುದೂ ಸಂಶೋಧನೆಯೇ. ತಲೆಸುತ್ತಿನ ತೀರಾ ಸಾಮಾನ್ಯ ಕಾರಣವೊಂದಿದೆ: ಒಳಕಿವಿಯ ಸುಣ್ಣದ ಹರಳುಗಳು ಜಾಗ ತಪ್ಪುವುದು. ರೋಗಿಯ ತಲೆಯನ್ನು ಕ್ರಮವಾಗಿ ತಿರುಗಿಸಿ ಅದನ್ನು ಕೆಲವೇ ನಿಮಿಷದಲ್ಲಿ ಸರಿಮಾಡುವ ವಿಧಾನ ಬಂದು ದಶಕಗಳಾದವು. ಮಾತ್ರೆಯೂ ಬೇಡ, ಆಪರೇಷನ್ನೂ ಬೇಡ. ಅದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಯಾಕೆ ತಲುಪಿಲ್ಲ ಅನ್ನೋದನ್ನು ಅಮೆರಿಕದವರು ಬಂದು ಹುಡುಕಿಕೊಡಲ್ಲ. ಸೋದರಮಾವ, ಅತ್ತೆ ಮಗನ ಸಂಬಂಧ ಕೂಡಿಸುವ ನಮ್ಮ ಕುಟುಂಬಗಳಲ್ಲಿ ಹುಟ್ಟುಕಿವುಡು ಹೇಗೆ ಹರಿದುಬರುತ್ತೆ ಅನ್ನೋದನ್ನೂ ನಾವೇ ನೋಡಬೇಕು.

ದುಡ್ಡು ಎಲ್ಲಿದೆ?

ಕೋಟಿಗಟ್ಟಲೆ ಯೋಜನೆಯಿಂದ ಶುರು ಮಾಡಬೇಕಿಲ್ಲ. ಎರಡು ಆಡಿಯೊಮೀಟರ್, ಸದ್ದಿಲ್ಲದ ಒಂದು ಕೋಣೆ, ಒಂದಿಬ್ಬರು ಆಡಿಯಾಲಜಿಸ್ಟ್‌ಗಳು, ಎರಡು ವರ್ಷ. ಶಿವಮೊಗ್ಗದ ಸಿಮ್ಸ್ ಮತ್ತು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಕೈಜೋಡಿಸಿ, ಮೈಸೂರಿನ ಸಂಸ್ಥೆ ದಾರಿ ತೋರಿಸಿದರೆ ನಿವೃತ್ತ ಮತ್ತು ಹಾಲಿ ಕಾರ್ಮಿಕರ ಕಿವಿ, ಸಮತೋಲ ಎರಡರ ಅಧ್ಯಯನ ಆಗುತ್ತೆ.

ಇಷ್ಟಕ್ಕೆ ಬಾಗಿಲುಗಳಿವೆ. ಸಿಮ್ಸ್ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು, ಆ ವಿಶ್ವವಿದ್ಯಾಲಯ ಅಧ್ಯಾಪಕರಿಗೆ ಸಂಶೋಧನಾ ಅನುದಾನ ಕೊಡುತ್ತೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ ಇಡಬೇಕು. ಸರ್ಕಾರಿ ವಿಶ್ವವಿದ್ಯಾಲಯಗಳ ವೈದ್ಯಕೀಯ, ವಿಜ್ಞಾನ ಸಂಶೋಧನೆಗೂ ಅದನ್ನು ಕೊಡಬಹುದು. ಬಸ್ ನಿಲ್ದಾಣಕ್ಕೆ ಬೆಂಚು ಹಾಕಿಸಿ ಫೋಟೊ ತೆಗೆಸಿಕೊಳ್ಳುವುದರ ಬದಲು ಸದ್ದು ಮಾಡುವ ಕಂಪನಿಗಳು ಸದ್ದಿನ ಫಲವನ್ನು ಅಳೆಯೋಕೆ ದುಡ್ಡು ಕೊಡಲಿ. ಮೂರನೆಯದು ಇಎಸ್‌ಐ. ಅಲ್ಲಿ ಕಾರ್ಮಿಕನ ಸಂಬಳದ ಶೇ. 0.75, ಮಾಲೀಕನಿಂದ ಶೇ. 3.25 ಜಮೆಯಾಗುತ್ತೆ. ಅದು ಕಾರ್ಮಿಕರದೇ ದುಡ್ಡು, ಅವರ ಕಿವಿಗೆ ಖರ್ಚಾದರೆ ತಪ್ಪೇನು? 2025ರ ನವೆಂಬರ್‌ನಲ್ಲಿ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಯಲ್ಲಿ 40 ದಾಟಿದವರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆಯ ಮಾತಿದೆ. ಬಿಪಿ, ಶುಗರ್ ಜೊತೆ ಕಿವಿ ಪರೀಕ್ಷೆಯನ್ನೂ ಸೇರಿಸಿದರೆ ಲೆಕ್ಕ ತಾನಾಗೇ ಬೆಳೆಯುತ್ತೆ.

ಇದು ದಾನ ಅಲ್ಲ. ಕಿವಿ ಆರೈಕೆಗೆ ಹಾಕಿದ ಒಂದು ಡಾಲರ್‌ಗೆ ಹದಿನಾರರಷ್ಟು ವಾಪಸ್ ಬರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ಲೆಕ್ಕ ಹಾಕಿದೆ. ತಡೆಯಬಹುದಾದ ಮರೆವಿನ ಕಾಯಿಲೆಯ ದೊಡ್ಡ ಕಾರಣಗಳಲ್ಲಿ ನಡುವಯಸ್ಸಿನ ಕಿವುಡೂ ಒಂದು ಅಂತ 2024ರಲ್ಲಿ ಲ್ಯಾನ್ಸೆಟ್ ಆಯೋಗ ಹೇಳಿದೆ.

ಜಿಲ್ಲೆಯ ಸಂಸದರು, ಶಾಸಕರು, ಕಾರ್ಮಿಕ ಸಂಘಗಳು ಕಾರ್ಖಾನೆ ಉಳಿಸಿ ಅಂತ ದೆಹಲಿಯವರೆಗೂ ಹೋಗಿದ್ದುಂಟು. ಕಾರ್ಖಾನೆಯಲ್ಲಿ ಸವೆದ ಕಿವಿಗಳ ಲೆಕ್ಕ ಕೊಡಿ ಅಂತಲೂ ಒಂದು ಅರ್ಜಿ ಹೋಗಲಿ. ಅಜ್ಜನಿಗೆ ಟಿವಿ ಸೌಂಡ್ ಜಾಸ್ತಿ ಮಾಡಿಕೊಟ್ಟು ಸುಮ್ಮನಾಗಿದ್ದು ಸಾಕು.