ಆಕಾಶದ ಲಿಲಾವು, ಹಳ್ಳಿಯ ದನಿ

ಕಲಘಟಗಿ ತಾಲೂಕಿನ ದುಮ್ಮವಾಡದಂಥ ಊರಿನವರು ಜಾತ್ರೆಯ ನಾಟಕಕ್ಕೆಂದು ವಂತಿಗೆ ಕೂಡಿಸಿ ತಂತಿಯಿಲ್ಲದ ಮೈಕು ಕೊಂಡರೆ, ಅದು ಯಾವ ತರಂಗದಲ್ಲಿ ನುಡಿಯತಕ್ಕದ್ದೆಂದು ಅವರಿಗೆ ಹೇಳುವವರಾರು?

ಹಿಂದೆ ದೂರದರ್ಶನ ಪ್ರಸಾರಕ್ಕೆ ಮೀಸಲಾದ ತರಂಗಗಳ ನಡುವಣ ತೆರವಿನಲ್ಲಿ ಇಂಥ ಮೈಕುಗಳು ಹೇಗೋ ಬಾಳಿದವು. ಆದರೆ ಭಾರತ ಸರಕಾರವು 2022ರ ಲಿಲಾವಿನಲ್ಲಿ 700 ಮೆಗಾಹರ್ಟ್ಸ್ ಪಟ್ಟಿಯ ಭಾಗವನ್ನು ಫೋನು ಕಂಪನಿಗೆ ಕೊಟ್ಟಿತು. ಆ ಪಟ್ಟಿಯಲ್ಲಿ 758ರಿಂದ 803ರವರೆಗಿನ ತರಂಗಗಳು ಗೋಪುರಗಳು ನುಡಿಯುವುದಕ್ಕೆ ಗೊತ್ತಾದವು. ಕೆಲವೇ ಮಿಲಿವ್ಯಾಟ್ ಬಲದ ಮೈಕು ಅದೇ ತರಂಗದಲ್ಲಿ ಗೋಪುರದೊಡನೆ ಸೆಣಸಿ ಗೆದ್ದೀತೆ? ರಂಗದ ಮೇಲೆ ಪಾತ್ರಧಾರಿಯ ಮಾತು ನಡುವೆಯೇ ಕಡಿದುಹೋಗುವುದು. ದಂಡವನ್ನು ಮಾತ್ರ ಹಳ್ಳಿಯ ಕಿಸೆ ತೆರಬೇಕಾಗುವುದು.

ಅಮೇರಿಕದಲ್ಲಿ 600 ಮೆಗಾಹರ್ಟ್ಸ್ ಪಟ್ಟಿಯು 2017ರಲ್ಲಿ ಫೋನಿಗೆ ಸಂದಾಗ, ಅಲ್ಲಿನ ಸರಕಾರವು ಮೈಕಿನವರಿಗೆ 2020ರ ಜುಲೈ 13ರವರೆಗೆ ಅವಧಿ ಕೊಟ್ಟಿತು. ನಮ್ಮ ಹಳ್ಳಿಗರು ಅಷ್ಟು ಮುನ್ಸೂಚನೆಗೂ ಅರ್ಹರಲ್ಲವೆ?

ಫೋನು ಬೇಡವೆಂದು ನಾವು ಹೇಳುವವರಲ್ಲ. ಅದೂ ರೈತನಿಗೆ ಬೇಕಾದುದೇ. ಆದರೆ ಮೈಕಿಗೆ ಉಳಿದ ತರಂಗಗಳಾವುವೆಂಬುದನ್ನು ಸರಕಾರವು ಅಚ್ಚಗನ್ನಡದಲ್ಲಿ ಸಾರಲಿ. ಮಾರುವವರು ಪೆಟ್ಟಿಗೆಯ ಮೇಲೆ ತರಂಗದ ಅಂಕಿಯನ್ನು ಎದ್ದು ಕಾಣುವಂತೆ ಅಚ್ಚೊತ್ತಿಸಲಿ. ಆಕಾಶವು ಸರ್ವರ ಸೊತ್ತು. ಅದನ್ನು ಮಾರಿದವರು, ಅದರಲ್ಲಿ ಬಡವನ ಪಾಲೆಷ್ಟೆಂಬುದನ್ನು ಹೇಳಲೇಬೇಕು.