ತೋಳ ಬೇಕೆಂದವರೇ ಬೆಲೆ ತೆರಲಿ

ನಿರ್ನಾಮವಾಗಿದ್ದ ತೋಳಗಳನ್ನು ಮತ್ತೆ ತಂದು ಕಾಡಿಗೆ ಬಿಡಬೇಕೇ ಬೇಡವೇ? ಅಮೆರಿಕದ ಕೊಲೊರಾಡೊ ರಾಜ್ಯ 2020ರ ನವೆಂಬರ್‌ನಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಮತದಾರರ ಮುಂದಿಟ್ಟಿತು. ಶೇ 51ಕ್ಕಿಂತ ತುಸು ಕಡಿಮೆ ಮತ ಪಡೆದು ‘ಬೇಕು’ ಎಂಬ ಪಕ್ಷ ಗೆದ್ದಿತು. ಗೆಲ್ಲಿಸಿದ್ದು ಡೆನ್ವರ್, ಬೌಲ್ಡರ್‌ನಂಥ ನಗರಗಳು. ತೋಳ ಬಿಡಬೇಕಾಗಿದ್ದುದು ರಾಕಿ ಪರ್ವತದ ಜಲವಿಭಾಜಕ ರೇಖೆಯ ಪಶ್ಚಿಮಕ್ಕೆ. ಅಲ್ಲಿನ ಹೆಚ್ಚಿನ ಕೌಂಟಿಗಳು ‘ಬೇಡ’ ಎಂದಿದ್ದವು. 2023ರ ಡಿಸೆಂಬರ್‌ನಲ್ಲಿ ಒರೆಗಾನ್‌ನಿಂದ ಹತ್ತು ತೋಳಗಳು ಬಂದಿಳಿದವು. ಮರುವರ್ಷ ಏಪ್ರಿಲ್‌ನಲ್ಲಿ, ಹಸುಗಳು ಕರು ಹಾಕುವ ಹೊತ್ತಿಗೆ ಸರಿಯಾಗಿ, ಗ್ರ್ಯಾಂಡ್ ಕೌಂಟಿಯ ರ‍್ಯಾಂಚುಗಳಲ್ಲಿ ದನಕರುಗಳು ತೋಳಗಳ ಬಾಯಿಗೆ ಬೀಳತೊಡಗಿದವು.

ತೋಳ ಮರಳಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಗುಂಡು, ಬೋನು, ವಿಷ ಬಳಸಿ, ಸರ್ಕಾರವೇ ಸಂಬಳ ಕೊಟ್ಟು ಆ ಪ್ರಾಣಿಯನ್ನು ಅಲ್ಲಿಂದ ಅಳಿಸಿತ್ತು. ಆ ಅನ್ಯಾಯ ಸರಿಪಡಿಸುವುದು ಸಮಾಜದ ಹೊಣೆ. ಆದರೆ ಸಮಾಜದ ಹೊಣೆಯನ್ನು ನಾಲ್ಕಾರು ದನಗಾರ ಕುಟುಂಬಗಳ ಹೆಗಲಿಗೆ ಹೊರಿಸಿ, ಉಳಿದವರು ಪುಣ್ಯ ಕಟ್ಟಿಕೊಳ್ಳುವುದು ಯಾವ ನ್ಯಾಯ?

ತೋಳಪರರ ವಾದ ಗೊತ್ತಿರುವುದೇ: ಒಟ್ಟು ಜಾನುವಾರುಗಳ ಲೆಕ್ಕದಲ್ಲಿ ತೋಳಕ್ಕೆ ಬಲಿಯಾಗುವುದು ತೀರಾ ಅಲ್ಪ. ಲೆಕ್ಕ ಸುಳ್ಳಲ್ಲ. ಆದರೆ ತೋಳಗಳು ಸರಾಸರಿ ನೋಡಿ ಬೇಟೆಯಾಡುವುದಿಲ್ಲ. ಒಂದು ಹಿಂಡು ಒಂದು ಕಣಿವೆಯಲ್ಲಿ ನೆಲೆಸಿದರೆ ನಷ್ಟವೆಲ್ಲ ಅಲ್ಲಿನ ಎರಡು ಮೂರು ರ‍್ಯಾಂಚುಗಳ ಪಾಲು. ಕೊಲೊರಾಡೊ ಪರಿಹಾರಕ್ಕೆಂದು ವರ್ಷಕ್ಕೆ 3.5 ಲಕ್ಷ ಡಾಲರ್ ತೆಗೆದಿರಿಸಿತ್ತು. 2025ರಲ್ಲಿ ಗ್ರ್ಯಾಂಡ್ ಕೌಂಟಿಯ ಎರಡೇ ರ‍್ಯಾಂಚುಗಳಿಗೆ ಮಂಜೂರಾದ ಮೊತ್ತ 3.4 ಲಕ್ಷ ಡಾಲರ್ ದಾಟಿತು. ಇಷ್ಟರಲ್ಲೇ ತಿಳಿಯುತ್ತದೆ, ಭಾರ ಯಾರ ಮೇಲೆ ಬಿದ್ದಿದೆ ಎಂದು.

ಪರಿಹಾರವೆಂಬುದು ಕೇಳಿದ ಕೂಡಲೇ ಕೈಗೆ ಬರುವಂಥದ್ದೂ ಅಲ್ಲ. ಸತ್ತ ಕರುವಿನ ಚರ್ಮ ಸುಲಿದು, ಹಲ್ಲಿನ ಗುರುತಿನಡಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ಅಧಿಕಾರಿ ನೋಡುತ್ತಾನೆ. ಹೆಪ್ಪುಗಟ್ಟಿದ್ದರೆ ಬದುಕಿದ್ದಾಗ ಬಿದ್ದ ಕಡಿತ. ಇಲ್ಲವಾದರೆ ಸತ್ತ ಮೇಲೆ ಯಾವುದೋ ಪ್ರಾಣಿ ತಿಂದಿದ್ದು. ಸಾವಿರಾರು ಎಕರೆ ಬೆಟ್ಟದ ಮೇವುಗಾವಲಿನಲ್ಲಿ ಕಳೇಬರ ಸಿಗುವಷ್ಟರಲ್ಲಿ ಕಾಗೆ, ಕೊಯೋಟೆ, ಕರಡಿಗಳು ಎಲುಬು ಮಾತ್ರ ಉಳಿಸಿರುತ್ತವೆ. ತೋಳ ಕೊಂದಿದ್ದೆಂದು ದೃಢಪಟ್ಟ ಒಂದು ಕರುವಿನ ಹಿಂದೆ ಎಂಟರವರೆಗೂ ಕರುಗಳು ಸತ್ತಿರಬಹುದು ಎಂದು ಐಡಹೊದ ಅಧ್ಯಯನವೊಂದು ಅಂದಾಜಿಸಿತ್ತು. ಕೊಲ್ಲದೆಯೂ ತೋಳ ನಷ್ಟ ಮಾಡುತ್ತದೆ. ದಾಳಿಗೊಳಗಾದ ರ‍್ಯಾಂಚುಗಳಲ್ಲಿ ಕರುಗಳ ತೂಕ ಸರಾಸರಿ ಹತ್ತು ಕಿಲೊದಷ್ಟು ಇಳಿದಿದ್ದನ್ನು ಮೊಂಟಾನಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ತೋರಿಸಿದರು. ಕರುವನ್ನು ತೂಕದ ಲೆಕ್ಕದಲ್ಲಿ ಮಾರುವ ರೈತನಿಗೆ ಅದು ವರ್ಷದ ಲಾಭವನ್ನೇ ನುಂಗುವ ಪೆಟ್ಟು. ಕಾಣೆಯಾದ ಕರುವಿಗೂ ಕಡಿಮೆಯಾದ ತೂಕಕ್ಕೂ ಹಣ ಕೊಡಲು ಕೊಲೊರಾಡೊದ ನಿಯಮದಲ್ಲಿ ಅವಕಾಶವಿದೆ. ಉಳಿದ ರಾಜ್ಯಗಳು ಕಲಿಯಬೇಕಾದದ್ದು ಇದನ್ನು.

ಇನ್ನು ಬೇಟೆಗಾರರ ದೂರು. ನಮ್ಮ ಕಡವೆಗೆ ಬಂಧುವಾದ ಎಲ್ಕ್ ಜಿಂಕೆಯನ್ನು ತೋಳ ಮುಗಿಸಿಬಿಟ್ಟಿತು ಎನ್ನುತ್ತಾರೆ ಅವರು. ಸಾಕ್ಷಿಯಾಗಿ ತೋರಿಸುವುದು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವನ್ನು. ಅಲ್ಲಿಗೆ 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತರಲಾಯಿತು. ಉತ್ತರ ಭಾಗದ ಎಲ್ಕ್ ಹಿಂಡು ಆಗ ಸುಮಾರು 19 ಸಾವಿರವಿತ್ತು. 2013ರ ಹೊತ್ತಿಗೆ ನಾಲ್ಕು ಸಾವಿರಕ್ಕಿಂತ ಕೆಳಗಿಳಿಯಿತು. ಆದರೆ ಅದೇ ವರ್ಷಗಳಲ್ಲಿ ಎಲ್ಕ್ ಮರಿಗಳನ್ನು ಹಿಡಿಯುವ ಗ್ರಿಜ್ಲಿ ಕರಡಿಗಳು ಹೆಚ್ಚಿದ್ದವು, ಬರ ಬಿದ್ದಿತ್ತು, ಉದ್ಯಾನದ ಗಡಿಯಾಚೆ ಹೆಣ್ಣು ಎಲ್ಕ್‌ಗಳ ಬೇಟೆಗೆ ಸರ್ಕಾರವೇ ಪರವಾನಗಿ ಕೊಟ್ಟಿತ್ತು. ಇವನ್ನೆಲ್ಲ ಬಿಟ್ಟು ತೋಳವೊಂದನ್ನೇ ದೂರುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಐಡಹೊದ ಲೋಲೋ ಕಾಡಿನಂಥ ಕಡೆ, ಮೊದಲೇ ಸೊರಗಿದ್ದ ಎಲ್ಕ್ ಹಿಂಡು ಚೇತರಿಸಿಕೊಳ್ಳದಂತೆ ತೋಳ ತಡೆದಿದೆ. ಅಲ್ಲಿನ ಬೇಟೆಗಾರನ ಅಳಲಿಗೆ ಅರ್ಥವಿದೆ. ಆದರೆ ತೋಳ ಬಂದು ಮೂರು ದಶಕ ಕಳೆದರೂ ಮೊಂಟಾನಾ, ವ್ಯೋಮಿಂಗ್, ಐಡಹೊ ಮೂರರಲ್ಲೂ ತಲಾ ಒಂದು ಲಕ್ಷಕ್ಕೂ ಹೆಚ್ಚು ಎಲ್ಕ್‌ಗಳಿವೆ. ಎಲ್ಕ್ ಹಿಂಡು ಹುಲ್ಲೆಲ್ಲ ಮೇದು ಮುಗಿಸುತ್ತಿದೆ ಎಂದು ಅಲ್ಲಿನ ರೈತರೇ ಗೊಣಗುವ ಕಾಲ ಬಂದಿದೆ.

ಹೀಗಿದ್ದೂ ಕೆಲವು ರಾಜ್ಯಗಳು ಹಿಡಿದಿರುವ ದಾರಿ ಸೇಡಿನದು. ಐಡಹೊ 2021ರಲ್ಲಿ ಬೇಟೆಯ ಮಿತಿಗಳನ್ನೇ ತೆಗೆದುಹಾಕಿತು. ವ್ಯೋಮಿಂಗ್‌ನ ಶೇ 85ರಷ್ಟು ನೆಲದಲ್ಲಿ ಯಾರು ಬೇಕಾದರೂ ಪರವಾನಗಿಯಿಲ್ಲದೆ ತೋಳ ಕೊಲ್ಲಬಹುದು. 2024ರಲ್ಲಿ ಒಬ್ಬಾತ ಹಿಮವಾಹನ ಹತ್ತಿಸಿ ತೋಳವನ್ನು ಗಾಯಗೊಳಿಸಿ, ಬಾಯಿಗೆ ಟೇಪು ಬಿಗಿದು, ಬಾರಿಗೆ ಕೊಂಡೊಯ್ದು ಪ್ರದರ್ಶಿಸಿದ. ಮೊದಲಿಗೆ ಅವನಿಗೆ ಬಿದ್ದ ದಂಡ ಬರೀ 250 ಡಾಲರ್. ಇದರಿಂದ ಯಾವ ರೈತನ ಕರು ಉಳಿಯಿತು?

ಈ ಜಗಳ ನಮಗೆ ದೂರದ್ದಲ್ಲ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ವನ್ಯಧಾಮವಾಗಿದೆ; ಹೆಮ್ಮೆಪಡಬೇಕಾದ ಕೆಲಸ. ಆದರೆ ತೋಳಕ್ಕೆ ಧಾಮದ ಗಡಿ ಗೊತ್ತಿಲ್ಲ, ಹಟ್ಟಿಯ ಕುರಿಮರಿ ಗೊತ್ತು. ಮರಿಯನ್ನು ಕಚ್ಚಿಕೊಂಡು ಹೋದರೆ ಕುರಿಗಾಹಿ ಯಾವ ಕಳೇಬರವನ್ನು ಅಧಿಕಾರಿಗೆ ತೋರಿಸಬೇಕು? ಬೆಂಗಳೂರಿನಲ್ಲಿ ಕೂತು ತೋಳದ ಚಿತ್ರ ಮೆಚ್ಚುವ ನಾವು ಈ ಪ್ರಶ್ನೆಗೆ ಉತ್ತರಿಸಬೇಕು.

ಆಗಬೇಕಾದ್ದು ಇಷ್ಟು. ದಾಳಿಯಾದ ಮೇಲೆ ಸಾಕ್ಷ್ಯ ಕೇಳುವ ಬದಲು, ತೋಳದ ಹಿಂಡು ನೆಲೆಸಿದ ಕಡೆ ದನ, ಕುರಿ ಸಾಕುವವರಿಗೆ ಮುಂಗಡವಾಗಿಯೇ ಹಣ ಸಂದಾಯವಾಗಲಿ. ಹಿಂಡಿನ ಜೊತೆ ಇರುವ ಕಾವಲುಗಾರರಿಗೂ ಕಾವಲು ನಾಯಿಗಳಿಗೂ ಆಗುವ ಖರ್ಚನ್ನು ಸರ್ಕಾರ ಭರಿಸಲಿ. ಜಾನುವಾರು ಕೊಲ್ಲುವ ಚಟ ಹತ್ತಿದ ತೋಳವನ್ನು ತಡಮಾಡದೆ ತೆಗೆಯಲಿ. ಅಂಥ ಹಿನ್ನೆಲೆಯ ತೋಳಗಳನ್ನು ಹೊಸ ಜಾಗಕ್ಕೆ ತಂದು ಬಿಟ್ಟ ಕೊಲೊರಾಡೊದ ತಪ್ಪು ಎಲ್ಲೂ ಮರುಕಳಿಸದಿರಲಿ. ಉಳಿದ ತೋಳಗಳನ್ನು ಕಾನೂನು ಗಟ್ಟಿಯಾಗಿ ಕಾಯಲಿ.

ತೋಳ ಬೇಕೆಂದು ಮತ ಹಾಕಿದವರು ಅದನ್ನು ಸಾಕುವ ಖರ್ಚಿಗೂ ಕೈಯೆತ್ತಬೇಕು. ಹಾಗೆ ಮಾಡದ ಸಂರಕ್ಷಣೆ ಪರರ ಕೊಟ್ಟಿಗೆಯಿಂದ ಕೊಟ್ಟ ದಾನವಷ್ಟೇ. ಆ ಕೊಟ್ಟಿಗೆಯವರ ಸಿಟ್ಟು ಕೊನೆಗೆ ಗುಂಡಾಗಿ ಬೀಳುವುದು ತೋಳದ ಮೈಮೇಲೆಯೇ.